ಗುಳೆ ಹೋದ ಮಕ್ಕಳಿಗೆ ಕೊರೊನಾ ಕಾಲದಂತೆ ಫೋನಿನಲ್ಲಿ ಪಾಠ ಹೇಳಬಹುದೇ? ಅನುಭವ ಇದ್ದವರು ತಿಳಿಸಿ

ಮುದಗಲ್ಲಿನ ಮಾಸ್ತರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳುತ್ತೇನೆ. ಸೇವೆಗೆ ಸೇರಿದ್ದು 2023ರಲ್ಲಿ. ಕೊರೊನಾ ಬಂದಾಗ ನಾನು ಬಿ.ಇಡಿ. ಮುಗಿಸಿ ಮನೆಯಲ್ಲಿ ಕುಳಿತು ನೇಮಕಾತಿ ಪರೀಕ್ಷೆಗೆ ಓದುತ್ತಿದ್ದವನು. ಹೀಗಾಗಿ ಆಗಿನ ದೂರಪಾಠದ ಒಳಹೊರಗು ನನಗೆ ಗೊತ್ತಿಲ್ಲ.

ನಮ್ಮ ಕಡೆಯ ಗುಳೆಯ ಜನ ಬೇರೆ ಹಬ್ಬ ತಪ್ಪಿಸಿದರೂ ಮೊಹರಂ ತಪ್ಪಿಸುವುದಿಲ್ಲ. ಈ ಸಲವೂ ಬಂದರು, ಅಲಾಯಿ ಕುಣಿದರು, ಮೂಟೆ ಕಟ್ಟಿ ಹೊರಟರು. ಹೋಗುವಾಗ ಕೆಲವರು ಮಕ್ಕಳನ್ನೂ ಕರೆದುಕೊಂಡು ಹೋದರು. ಊರಿನಲ್ಲಿ ಬಿಟ್ಟು ಹೋಗೋಣವೆಂದರೆ ನೋಡಿಕೊಳ್ಳುವ ಅಜ್ಜಿಯರಿಗೆ ಕೈಕಾಲು ಆಡುವುದಿಲ್ಲ. ನನ್ನ ಏಳನೇ ತರಗತಿಯ ಕೆಲವು ಮಕ್ಕಳು ಈಗ ಬೆಂಗಳೂರಿನಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿದ್ದಾರೆ, ಇಬ್ಬರು ಪುಣೆಯಲ್ಲಿದ್ದಾರೆ.

ಹೊರಡುವ ಹಿಂದಿನ ದಿನ ಒಬ್ಬ ಹುಡುಗನ ತಂದೆ ಶಾಲೆಗೆ ಬಂದಿದ್ದರು. "ಕೊರೊನಾ ಇದ್ದಾಗ ಫೋನಿನಲ್ಲೇ ಪಾಠ ಹೇಳಿದಿರಲ್ಲ ಸರ್, ಈಗೇಕೆ ಆಗುವುದಿಲ್ಲ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮುಖ್ಯ ಗುರುಗಳನ್ನು ಕೇಳಿದರೆ, "ಅದೆಲ್ಲ ವರದಿ ಕಳಿಸಲು ಮಾಡಿದ್ದು. ಯಾವ ಮಗುವಿಗೂ ಏನೂ ಬರಲಿಲ್ಲ. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ" ಎಂದರು. ಅವರು ಒಳ್ಳೆಯವರು, ಸುಳ್ಳು ಹೇಳುವವರಲ್ಲ. ಆದರೂ ಅಷ್ಟು ದಿನ ಲಕ್ಷಾಂತರ ಶಿಕ್ಷಕರು ಮಾಡಿದ್ದರಲ್ಲಿ ಉಳಿಸಿಕೊಳ್ಳುವಂಥದ್ದು ಒಂದೂ ಇಲ್ಲವೇ?

ಫೋನಿನಲ್ಲಿ ನಿಜವಾಗಿ ಕಲಿಸಿದವರು ಹೇಳಿ. ಯಾವ ಹೊತ್ತಿಗೆ ಕರೆ ಮಾಡುತ್ತಿದ್ದಿರಿ? ಗಣಿತದಲ್ಲಿ ಯಾವ ಪಾಠ ಆಯಿತು, ಯಾವುದು ಆಗಲಿಲ್ಲ? ಮಗು ಬರೆದದ್ದನ್ನು ನೋಡುವುದು ಹೇಗೆ?


ಶಕ್ತಿನಗರ ರಸ್ತೆ ಉತ್ತರಿಸಿದ್ದು:

ನಾನು ರಾಯಚೂರಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ನಿಮ್ಮ ಮುಖ್ಯ ಗುರುಗಳ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ.

ಆಗ ನಾನಿದ್ದದ್ದು ಒಂದು ಖಾಸಗಿ ಕಾಲೇಜಿನಲ್ಲಿ. ಸಂಬಳ ಅರ್ಧವಾಯಿತು, ಪಾಠದ ಅವಧಿಗಳು ಮಾತ್ರ ಪೂರ್ತಿ ಉಳಿದವು. ಜೂಮ್ ಉಚಿತವಾಗಿ ಸಿಗುತ್ತಿದ್ದದ್ದು 40 ನಿಮಿಷ. ಅದು ಮುಗಿದು ಮತ್ತೆ ಲಿಂಕ್ ಕಳುಹಿಸಿದರೆ ಅರ್ಧ ತರಗತಿ ಹಿಂದಿರುಗುತ್ತಿರಲಿಲ್ಲ. ಇದ್ದವರೂ ಕ್ಯಾಮೆರಾ ಮುಚ್ಚಿಕೊಂಡು ಇರುತ್ತಿದ್ದರು. ಹೆಸರು ಬರೆದ ಕಪ್ಪು ಚೌಕಗಳಿಗೆ ನಾನು ಉಷ್ಣಬಲವಿಜ್ಞಾನ ಹೇಳಿದೆ. ಪಾಠ ಮುಗಿದು ಎಷ್ಟೋ ಹೊತ್ತಾದರೂ ಕೆಲವು ಚೌಕಗಳು ಹೊರಗೆ ಹೋಗುತ್ತಿರಲಿಲ್ಲ. ಹಾಜರಿ ಹಾಕಿಸಿ, ಫೋನ್ ಚಾರ್ಜಿಗೆ ಇಟ್ಟು, ಹುಡುಗರು ಹೊಲಕ್ಕೆ ಹೋಗಿರುತ್ತಿದ್ದರು. ಇನ್ನು ವಿದ್ಯುತ್ತಿನ ವಿಷಯ. ಮನೆಯಿಂದ ಸ್ವಲ್ಪ ದೂರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರ ಇದೆ. ಎಂಟ್ರೊಪಿ ವಿವರಿಸುವ ಹೊತ್ತಿಗೆ ಸರಿಯಾಗಿ ನನ್ನ ಮನೆಯ ಫ್ಯಾನು, ವೈಫೈ ಎರಡೂ ನಿಲ್ಲುತ್ತಿದ್ದವು. ಮೇ ತಿಂಗಳ ರಾಯಚೂರು ಎಂದರೆ ಗೊತ್ತಲ್ಲ.

ಉಳಿದ ಕಾಲು ಪಾಲು ಯಾವುದೆಂದರೆ, ನೇರ ಪಾಠ ಬಿಟ್ಟು ಹತ್ತು ನಿಮಿಷದ ವಿಡಿಯೊಗಳನ್ನು ಮಾಡಿ ಯೂಟ್ಯೂಬಿನಲ್ಲಿ ಹಾಕಿದ್ದು. ಒಂದು ವಿಡಿಯೊಗೆ ಒಂದೇ ಲೆಕ್ಕ. ಮರುಪರೀಕ್ಷೆಗೆ ಓದುವವರು ಅವನ್ನು ಇವತ್ತಿಗೂ ಹುಡುಕಿಕೊಂಡು ಬರುತ್ತಾರೆ. ಆದರೆ ಅವರು ಪದವಿ ಓದುವವರು, ಬೇಕಾದದ್ದನ್ನು ತಾವೇ ಹುಡುಕಬಲ್ಲರು. ಶೆಡ್ಡಿನಲ್ಲಿರುವ ಏಳನೇ ತರಗತಿಯ ಹುಡುಗ ಯೂಟ್ಯೂಬ್ ತೆರೆದರೆ ನಿಮ್ಮ ಭಿನ್ನರಾಶಿಯ ತನಕ ಬರುತ್ತಾನೆಂಬ ನಂಬಿಕೆ ನನಗಿಲ್ಲ.


ಕುಷ್ಟಗಿ ಗಣಿತ ಉತ್ತರಿಸಿದ್ದು:

ಮಾಸ್ತರರೇ, ನಾನು ಆ ವರ್ಷಗಳಲ್ಲಿ ಕುಷ್ಟಗಿ ತಾಲ್ಲೂಕಿನ ತಾವರಗೇರಾ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದೆ. ಒಂಬತ್ತು, ಹತ್ತನೇ ತರಗತಿಗೆ ಗಣಿತ ಮತ್ತು ವಿಜ್ಞಾನ. ಕೊರೊನಾ ಕಾಲದ ಪಾಠ ಬರೀ ನಾಟಕ ಎನ್ನುವವರು ವಿಡಿಯೊ ಪಾಠವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅದರ ಬಗ್ಗೆ ಶಕ್ತಿನಗರ ರಸ್ತೆಯವರು ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ನಮ್ಮಲ್ಲಿ ನಡೆದದ್ದು ಸಾದಾ ಕರೆ. ಪರದೆ ಇಲ್ಲ, ಇಂಟರ್‌ನೆಟ್ ಇಲ್ಲ, ಕಿವಿ ಮತ್ತು ಪಠ್ಯಪುಸ್ತಕ ಅಷ್ಟೇ. ನೀವು ಹೇಳುವ ಶೆಡ್ಡಿನ ಮಕ್ಕಳಿಗೂ ಹೊಂದುವುದು ಅದೇ ಎಂದು ನನ್ನ ಖಚಿತ ಅಭಿಪ್ರಾಯ.

ಮೊದಲು ಹೊತ್ತಿನ ವಿಷಯ, ಏಕೆಂದರೆ ಎಲ್ಲ ಕೆಡುವುದೂ ಅಲ್ಲೇ, ನಿಲ್ಲುವುದೂ ಅಲ್ಲೇ. ಹಳ್ಳಿಯಲ್ಲಿ ಫೋನು ಮನೆಯದಲ್ಲ, ಅಪ್ಪನದು ಅಥವಾ ಅಣ್ಣನದು. ಬೆಳಿಗ್ಗೆ ಅದು ಟ್ರ್ಯಾಕ್ಟರ್ ಮೇಲೆ ಹೋಗುತ್ತದೆ. ಇನ್ನು ಮಕ್ಕಳಾದರೂ ಮನೆಯಲ್ಲಿ ಇರುತ್ತಾರೆಯೇ? ನಮ್ಮ ಭಾಗದಲ್ಲಿ ಹತ್ತಿಯ ಬೀಜೋತ್ಪಾದನೆಯ ಹೊಲಗಳು ಹೆಚ್ಚು. ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಕ್ರಾಸಿಂಗ್ ಎನ್ನುತ್ತಾರೆ. ಶಾಲೆ ಮುಚ್ಚಿದ್ದ ಆ ಮಳೆಗಾಲದಲ್ಲಿ ನನ್ನ ಅರ್ಧ ತರಗತಿ ಆ ಸಾಲುಗಳ ನಡುವೆ ಇತ್ತು. ಬೆಳಿಗ್ಗೆ ಹತ್ತಕ್ಕೆ ಕರೆ ಮಾಡಿದರೆ ಅಪ್ಪ ಎತ್ತಿ, "ಸಂಜೆ ಮಾಡ್ರೀ ಮೇಡಂ" ಎನ್ನುತ್ತಿದ್ದರು. ಸಂಜೆ ಮಾಡಿದರೆ ಮತ್ತೆ ಹೊಲ. ಕಡೆಗೆ ನಿಂತದ್ದು ರಾತ್ರಿ ಎಂಟರ ಮೇಲೆ. ರೊಟ್ಟಿ ಆಗಿರುತ್ತದೆ, ಫೋನು ಮನೆಗೆ ಬಂದಿರುತ್ತದೆ, ಅಪ್ಪ ಕಟ್ಟೆಗೆ ಹೋಗುವ ಮೊದಲು ಅರ್ಧ ಗಂಟೆ ಬಿಟ್ಟುಕೊಡುತ್ತಾನೆ. ನನ್ನ ಮನೆಯ ಅಡುಗೆ ಆ ವರ್ಷ ನನ್ನ ಅತ್ತೆಯವರ ಪಾಲಿಗೆ ಬಿತ್ತು. ಅದಕ್ಕೆ ಅವರು ಏನೆಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸಾದಾ ಫೋನಿನ ಕಾನ್ಫರೆನ್ಸ್ ಕರೆಯಲ್ಲಿ ನಿಮ್ಮನ್ನು ಬಿಟ್ಟು ಐವರನ್ನು ಸೇರಿಸಬಹುದು. ಕಡಿಮೆ ಎನ್ನಿಸುತ್ತದೆ, ಆದರೆ ಐವರೇ ಸರಿ. ಆರನೆಯವನು ಇದ್ದರೆ ಅವನು ಸುಮ್ಮನಿರಲು ಕಲಿಯುತ್ತಾನೆ. ಯಾರು ಯಾವ ಗುಂಪಿನಲ್ಲಿ ಎಂಬುದನ್ನು ಅಂಕದ ಮೇಲೆ ಮಾಡಬೇಡಿ. ಅವರವರ ಮನೆಗೆ ಫೋನು ಬರುವ ಹೊತ್ತಿನ ಮೇಲೆ ಮಾಡಿ. 2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿದ್ದರೂ ಪಾಠ ನಡೆಯಲೆಂದು ಸರ್ಕಾರ ವಿದ್ಯಾಗಮ ಯೋಜನೆ ಆರಂಭಿಸಿದಾಗ ಮಕ್ಕಳನ್ನು ಮೂರು ಗುಂಪಾಗಿ ನೋಡಿತು: ಯಾವ ಸಾಧನವೂ ಇಲ್ಲದವರು, ಸಾದಾ ಮೊಬೈಲ್ ಇರುವವರು, ಸ್ಮಾರ್ಟ್‌ಫೋನ್ ಮತ್ತು ಇಂಟರ್‌ನೆಟ್ ಇರುವವರು. ಕಾಗದದ ಮೇಲೆ ಅದು ಸರಿಯೇ. ಊರಿನಲ್ಲಿ ಸ್ಮಾರ್ಟ್‌ಫೋನ್ ಇದ್ದ ಮನೆಯ ಮಗಳಿಗೂ ಫೋನು ಸಿಗುತ್ತಿರಲಿಲ್ಲ, ಸಾದಾ ಮೊಬೈಲ್ ಇದ್ದ ಮನೆಯ ಮಗನಿಗೆ ದಿನವಿಡೀ ಸಿಗುತ್ತಿತ್ತು.

ಈಗ ಗಣಿತ. ನಿಮಗೂ ಮಗುವಿಗೂ ನಡುವೆ ಇರುವ ಕಪ್ಪುಹಲಗೆ ಯಾವುದೆಂದರೆ ಪಠ್ಯಪುಸ್ತಕ. ಇಡೀ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದು ತರಗತಿಗೆ ಒಂದೇ ಪುಸ್ತಕ, ಅದೂ ಉಚಿತ. ಈ ಅನುಕೂಲ ಎಷ್ಟು ದೊಡ್ಡದೆಂದು ಶಾಲೆ ತೆರೆದಿದ್ದಾಗ ಯಾರಿಗೂ ಹೊಳೆಯುವುದಿಲ್ಲ. "ಇಂಥ ಪುಟ ತೆಗೆಯಿರಿ, ಎರಡನೇ ಉದಾಹರಣೆ, ಮೂರನೇ ಸಾಲಿನ ಮೇಲೆ ಬೆರಳಿಡಿ" ಎನ್ನುತ್ತಿದ್ದೆ. ಬೆರಳಿಟ್ಟ ಸಾಲನ್ನು ಒಬ್ಬರು ಓದಬೇಕು, ಮುಂದಿನ ಸಾಲು ಏಕೆ ಹಾಗಾಯಿತೆಂದು ಇನ್ನೊಬ್ಬರು ಹೇಳಬೇಕು.

ಬೀಜಗಣಿತ ಫೋನಿನಲ್ಲಿ ಚೆನ್ನಾಗಿ ಆಗುತ್ತದೆ, ತರಗತಿಗಿಂತ ಚೆನ್ನಾಗಿ ಎಂದರೂ ತಪ್ಪಲ್ಲ. ತರಗತಿಯಲ್ಲಿ ಹಲಗೆಯ ಮೇಲೆ ಬರೆದು "ಇದು, ಇದು" ಎಂದು ಕೋಲು ತೋರಿಸಿದರೆ ಆಯಿತು. ಫೋನಿನಲ್ಲಿ ಪೂರ್ತಿ ಹೇಳಬೇಕು. "ಎ ಪ್ಲಸ್ ಬಿ ಸ್ಕ್ವೇರ್" ಎಂದು ಹುಡುಗಿ ಹೇಳಿದರೆ, ವರ್ಗ ಬಿಗೆ ಮಾತ್ರವೋ, ಆವರಣ ಹಾಕಿ ಎರಡಕ್ಕೂ ಸೇರಿಯೋ ಎಂದು ಉಳಿದವರು ಕೇಳುತ್ತಿದ್ದರು. ಆವರಣ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂಬುದನ್ನು ಬಾಯಲ್ಲಿ ಹೇಳಿ ರೂಢಿಯಾದ ಮಕ್ಕಳು ಆಮೇಲೆ ಪರೀಕ್ಷೆಯಲ್ಲೂ ಆವರಣ ಮರೆಯಲಿಲ್ಲ. ನಿಮ್ಮ ಏಳನೇ ತರಗತಿಯ ಪೂರ್ಣಾಂಕಗಳು, ಸರಳ ಸಮೀಕರಣಗಳು ಧೈರ್ಯವಾಗಿ ತೆಗೆದುಕೊಳ್ಳಿ.

ರೇಖಾಗಣಿತದಲ್ಲಿ ಎರಡು ಜಾತಿ. ಪ್ರಮೇಯದ ಸಾಧನೆ ಆಗುವುದಿಲ್ಲ. ಥೇಲ್ಸನ ಪ್ರಮೇಯವನ್ನು ಕರೆಯಲ್ಲಿ ಹೇಳಲು ಹೋದರೆ ಯಾವ ತ್ರಿಭುಜದ ಯಾವ ಬಾಹು ಎಂಬಲ್ಲಿಗೇ ರಾತ್ರಿ ಕಳೆಯುತ್ತದೆ. ಅದನ್ನು ಶಾಲೆ ತೆರೆಯುವವರೆಗೆ ಕಟ್ಟಿಟ್ಟೆ. ರಚನೆ ಮಾತ್ರ ಸೊಗಸಾಗಿ ಆಗುತ್ತದೆ, ಏಕೆಂದರೆ ಅದು ಒಂದಾದ ಮೇಲೊಂದು ಮಾಡುವ ಕೆಲಸ. ನೀವು ಕೇಳಿದಿರಲ್ಲ, ಬರೆದದ್ದನ್ನು ನೋಡುವುದು ಹೇಗೆಂದು? ನೋಡಬೇಕಾಗಿಯೇ ಇಲ್ಲದ ಹಾಗೆ ಲೆಕ್ಕ ಕೊಡಬೇಕು. "6 ಸೆಂಟಿಮೀಟರ್ ಗೆರೆ ಎಳೆ. ಅದರ ಎಡ ತುದಿಯಲ್ಲಿ ಲಂಬ ಎಬ್ಬಿಸು. ಲಂಬದ ಮೇಲೆ 8 ಸೆಂಟಿಮೀಟರ್ ಗುರುತು ಹಾಕು. ಈಗ ಆ ಗುರುತಿನಿಂದ ಗೆರೆಯ ಬಲ ತುದಿಗೆ ಸೇರಿಸಿ ಅಳೆದು ಹೇಳು." ಹತ್ತು ಎಂದರೆ ಲಂಬ ನೆಟ್ಟಗಿದೆ. ಹತ್ತೂವರೆ ಎಂದರೆ ಕೋನ ವಾಲಿದೆ, ಮತ್ತೆ ಎಳೆ. ಕಾಣದ ನೋಟ್‌ಬುಕ್ಕನ್ನು ಒಂದು ಸಂಖ್ಯೆಯಿಂದ ತಿದ್ದಬಹುದು. ಸಮೀಕರಣ ಬಿಡಿಸಿದರೆ ಉತ್ತರವನ್ನು ಮತ್ತೆ ಅದರಲ್ಲೇ ಹಾಕಿ ಎರಡೂ ಕಡೆ ಎಷ್ಟು ಬಂತೆಂದು ಹೇಳಿಸಿ. ಆಗ ತಪ್ಪನ್ನು ಮಗುವೇ ಹಿಡಿಯುತ್ತದೆ.

ವಿಜ್ಞಾನಕ್ಕೆ ಅಡುಗೆಮನೆ ಸಾಕು. ಆಮ್ಲ, ಪ್ರತ್ಯಾಮ್ಲ ಪಾಠದ ದಿನ ಎಲ್ಲರ ಮನೆಯಲ್ಲೂ ಬಿಳಿ ಬಟ್ಟೆಯ ಚೂರಿಗೆ ಅರಿಶಿನ ಹಚ್ಚಿಸಿ, ಬಟ್ಟೆ ಸೋಪು ತಿಕ್ಕಿಸಿದೆ. ಕೆಂಪಾಯಿತು ಎಂದು ಐವರೂ ಒಟ್ಟಿಗೆ ಕೂಗಿದರು. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ನಮ್ಮ ಪ್ರಯೋಗಾಲಯದ ಬೀರುವಿನ ಕೀಲಿ ಕೈ ಎಲ್ಲಿದೆ ಎಂದು ಹುಡುಕುವುದಕ್ಕಿಂತ ಇದು ಬೇಗ ಆಯಿತು.

ಅನುಕೂಲ ಎನ್ನಲು ಇನ್ನೊಂದಿದೆ. ಫೋನನ್ನು ಸ್ಪೀಕರಿಗೆ ಹಾಕಿ ಇಡುತ್ತಿದ್ದುದರಿಂದ ತಾಯಂದಿರು ರೊಟ್ಟಿ ಬಡಿಯುತ್ತ ಪಾಠ ಕೇಳುತ್ತಿದ್ದರು. ಒಬ್ಬ ಜಾಣ ಹುಡುಗ ಯಾವ ಲೆಕ್ಕ ಕೊಟ್ಟರೂ ಥಟ್ಟನೆ ಉತ್ತರ ಕೊಡುತ್ತಿದ್ದ. ಒಂದು ದಿನ ಹಿಂದಿನಿಂದ ಅವನ ತಾಯಿಯ ದನಿ ಬಂತು: "ಅಕ್ಕೋರೇ, ಇವನು ಹಿಂದಿನ ಹಾಳೆ ತಿರುವಿ ನೋಡಿ ಹೇಳುತ್ತಿದ್ದಾನೆ." ಆಕೆಗೆ ಓದಲು ಬರುವುದಿಲ್ಲ. ಉತ್ತರಗಳು ಪುಸ್ತಕದ ಕೊನೆಯಲ್ಲಿರುತ್ತವೆ ಎಂಬುದನ್ನು ಮಾತ್ರ ಕಂಡುಕೊಂಡಿದ್ದಳು. ಪೋಷಕರ ಸಭೆಗೆ ಎಷ್ಟು ಕರೆದರೂ ಬಾರದಿದ್ದ ಆ ತಾಯಿ ಅಂದಿನಿಂದ ನನ್ನ ಮೇಲ್ವಿಚಾರಕಿಯಾದಳು.

ಬರಹವನ್ನು ಕಣ್ಣಾರೆ ನೋಡಲೇಬೇಕಾದ ಮಕ್ಕಳ ನೋಟ್‌ಬುಕ್ಕುಗಳು ಬಿಸಿಯೂಟದ ಅಕ್ಕಿ, ಬೇಳೆ ಹಂಚುವ ದಿನ ಬರುತ್ತಿದ್ದವು. ಅಡುಗೆ ನಿಂತಿತ್ತು, ಧಾನ್ಯ ಕೊಡುತ್ತಿದ್ದೆವು. ಚೀಲ ಹಿಡಿದು ಬಂದವರ ಕೈಯಲ್ಲೇ ನೋಟ್‌ಬುಕ್ ತರಿಸಿ, ತಿದ್ದಿದ್ದನ್ನು ಮುಂದಿನ ಸಲ ಕೊಡುತ್ತಿದ್ದೆ. ಬೆಂಗಳೂರಿನಿಂದ ಅದು ಸಾಧ್ಯವಿಲ್ಲ, ಆದರೆ ಅಲ್ಲಿ ಯಾರದಾದರೂ ಕ್ಯಾಮೆರಾ ಫೋನು ಇರುತ್ತದೆ. ವಾರಕ್ಕೊಂದು ಹಾಳೆಯ ಚಿತ್ರ ತರಿಸಿಕೊಳ್ಳಿ, ದಿನಾ ಬೇಡ. ದಿನಾ ಕೇಳಿದರೆ ಆ ಫೋನಿನವನು ನಿಮ್ಮ ಕರೆ ಎತ್ತುವುದನ್ನೇ ಬಿಡುತ್ತಾನೆ.

ಹೆಣ್ಣುಮಕ್ಕಳ ಮಾತು ಬೇರೆ. ರಾತ್ರಿ ಹುಡುಗಿಯ ಕೈಗೆ ಫೋನು ಕೊಡುವುದೆಂದರೆ ಮನೆಯವರಿಗೆ ಅಳುಕು. ಅದಕ್ಕೆ ಗುಂಪಿನಲ್ಲಿ ಹುಡುಗರನ್ನು ಬೆರೆಸುತ್ತಿರಲಿಲ್ಲ, ಕರೆಯನ್ನು ತಾಯಿಯ ಹೆಸರಿಗೇ ಮಾಡುತ್ತಿದ್ದೆ. ನೀವು ಗಂಡಸರು, ಇನ್ನೂ ಎಚ್ಚರ ಬೇಕು. ಶಾಲೆಯ ಒಬ್ಬ ಶಿಕ್ಷಕಿಯನ್ನು ಜೊತೆಗೆ ಸೇರಿಸಿಕೊಳ್ಳಿ. ಈ ಕರೆಗಳಿಂದ ಪಾಠಕ್ಕಿಂತ ದೊಡ್ಡ ಉಪಯೋಗವೊಂದು ಇತ್ತು: ಯಾವ ಹುಡುಗಿ ಎಲ್ಲಿದ್ದಾಳೆಂದು ತಿಳಿಯುತ್ತಿತ್ತು. ಒಬ್ಬಳ ಮನೆಯ ಫೋನು ಕೆಲವು ರಾತ್ರಿ ಬಂದ್ ಇದ್ದದ್ದೇ ನೆಪವಾಗಿ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಮನೆಯಲ್ಲಿ ವರನ ಕಡೆಯವರು ಬಂದು ಹೋಗಿದ್ದರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಯಿತು, ಮದುವೆ ನಿಂತಿತು. ಅವಳ ಅಜ್ಜ ನನ್ನನ್ನು ಎದುರಿಗೆ ಕಂಡರೆ ಇವತ್ತಿಗೂ ಮುಖ ತಿರುಗಿಸುತ್ತಾರೆ, ತಿರುಗಿಸಲಿ.

ಕೊನೆಯದಾಗಿ, ಇದು ಯಾರಿಗೆ ಆಗುವುದಿಲ್ಲ ಎಂಬುದು. ತಾನಾಗಿ ಓದಲು ಬಾರದ ಮಗುವಿಗೆ ಆಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು 1ರಿಂದ 5ನೇ ತರಗತಿಯವರಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನನ್ನ ದೊಡ್ಡ ಮಕ್ಕಳು ಕರೆಯ ಮೇಲೆ ದಡ ಸೇರಿದರೆ, ಅದೇ ಮನೆಯ ಒಂದನೇ, ಎರಡನೇ ತರಗತಿಯ ತಮ್ಮ ತಂಗಿಯರು ಅಕ್ಷರವನ್ನೇ ಕಾಣಲಿಲ್ಲ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆ 2022ರಲ್ಲಿ ನಡೆದಾಗ, ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿಯ ಮಕ್ಕಳ ಪ್ರಮಾಣ ಗ್ರಾಮೀಣ ಕರ್ನಾಟಕದಲ್ಲಿ 2018ರದ್ದಕ್ಕಿಂತ ಅರ್ಧಕ್ಕೂ ಕಡಿಮೆಯಾಗಿತ್ತು. ನಮಗೆ ಅದನ್ನು ಹೇಳಲು ಸಮೀಕ್ಷೆ ಬೇಕಿರಲಿಲ್ಲ. ನಿಮ್ಮ ಮುಖ್ಯ ಗುರುಗಳು ಪ್ರಾಥಮಿಕ ಶಾಲೆಯವರು, ಅವರು ಕಂಡದ್ದು ಆ ಮಕ್ಕಳನ್ನು. ಅವರ ಮಾತು ಸುಳ್ಳಲ್ಲ.

ಆದ್ದರಿಂದ ಮೊದಲ ಕರೆಯಲ್ಲಿ ಪಾಠ ಬೇಡ. ಕನ್ನಡ ಪುಸ್ತಕದ ಒಂದು ಪುಟವನ್ನು ಪ್ರತಿ ಮಗುವಿನಿಂದ ಓದಿಸಿ ಕೇಳಿ. ತಡವರಿಸದೆ ಓದುವ ಮಗುವಿಗೆ ಫೋನಿನಲ್ಲಿ ಕಲಿಸಬಹುದು. ಉಳಿದವರಿಗೆ ಬೇರೆ ದಾರಿ ನೋಡಬೇಕು.


ದಾರದ ಉಂಡೆ ಉತ್ತರಿಸಿದ್ದು:

ಇಲ್ಲಿ ಎಲ್ಲರೂ ಪಾಠ ಹೇಳಿದವರೇ ಮಾತಾಡುತ್ತಿದ್ದೀರಿ. ಕೇಳಿಸಿಕೊಂಡವನದೂ ಒಂದು ಮಾತು ಇರಲಿ. ನಾನು ಬಳ್ಳಾರಿಯವನು. 2020–21ರಲ್ಲಿ ಹತ್ತನೇ ತರಗತಿ.

ಲಾಕ್‌ಡೌನ್ ಸಡಿಲವಾಗಿ ಜೀನ್ಸ್ ಹೊಲಿಯುವ ಘಟಕಗಳು ತೆರೆದ ಮೇಲೆ ನಾನೂ ಅಕ್ಕನ ಜೊತೆ ಒಂದಕ್ಕೆ ಹೋಗತೊಡಗಿದೆ. ಹೊಲಿದು ಬಂದ ಪ್ಯಾಂಟುಗಳ ಉಳಿದ ದಾರ ಕತ್ತರಿಸುವ ಕೆಲಸ. ಒಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ತರಗತಿ ಕೇಳುತ್ತಿದ್ದೆ. ಮಷಿನುಗಳ ಗದ್ದಲದಲ್ಲಿ ತ್ರಿಕೋನಮಿತಿ ಎಷ್ಟು ಕೇಳಿಸುತ್ತದೆ, ನೀವೇ ಹೇಳಿ. ಹಾಜರಿ ಮಾತ್ರ ಪೂರ್ತಿ ಬಿತ್ತು.

ಪರೀಕ್ಷೆ ಬಂದಿದ್ದು 2021ರ ಜುಲೈ 19 ಮತ್ತು 22ರಂದು. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ, ಒಂದೇ ಪತ್ರಿಕೆ, ಎಲ್ಲವೂ ಬಹು ಆಯ್ಕೆ, ಒಎಂಆರ್ ಹಾಳೆಯಲ್ಲಿ ಗುಂಡಿ ತುಂಬುವುದು. ರಾಜ್ಯದ ಫಲಿತಾಂಶ ಶೇ 99.9. ನಾನೂ ಅದರಲ್ಲಿ ಒಬ್ಬ. ಮನೆಯಲ್ಲಿ ಫೇಡೆ ಹಂಚಿದರು. ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಮೊದಲ ಕಿರುಪರೀಕ್ಷೆಯಲ್ಲಿ ಬಿಳಿ ಹಾಳೆ ಮುಂದಿಟ್ಟು ಬಿಡಿಸಿ ತೋರಿಸು ಎಂದಾಗ ಪೆನ್ನು ಏಳಲಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದು ಬರುತ್ತಿತ್ತು, ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವುದು ಬರುತ್ತಿರಲಿಲ್ಲ. ಕಲೆಗೆ ಬದಲಾಯಿಸಿಕೊಂಡೆ. ಈಗ ಬಿ.ಎ. ಮುಗಿದಿದೆ, ಚೆನ್ನಾಗಿಯೇ ಇದ್ದೇನೆ, ಅದು ಬೇರೆ ಮಾತು.

ಕುಷ್ಟಗಿ ಮೇಡಂ, ನಿಮ್ಮ ಮಕ್ಕಳು ಪುಣ್ಯವಂತರು. ನಮಗೆ ಬಂದ ಕರೆ "ಲಿಂಕ್ ಯಾಕೆ ತೆರೆದಿಲ್ಲ" ಎಂದು ಕೇಳಲು ಮಾತ್ರ. ಆದರೆ ಒಂದು ಅನುಮಾನ ಇದೆ. ಶೆಡ್ಡಿನಲ್ಲಿರುವ ಹನ್ನೆರಡು ವರ್ಷದ ಹುಡುಗ ಹಗಲು ಏನು ಮಾಡುತ್ತಿರುತ್ತಾನೆ? ತಮ್ಮ ತಂಗಿಯರನ್ನು ಆಡಿಸುತ್ತಾನೆ, ಇಲ್ಲವೇ ಇಟ್ಟಿಗೆ ಹೊರುತ್ತಾನೆ. ರಾತ್ರಿ ಅರ್ಧ ಗಂಟೆ ಮಾಸ್ತರರು ಕರೆ ಮಾಡುತ್ತಾರೆಂದರೆ ತಂದೆಗೆ ಸಮಾಧಾನ, ಮಗ ಓದುತ್ತಿದ್ದಾನೆ ಎಂದು. ಆ ಸಮಾಧಾನವೇ ಅವನನ್ನು ಶಾಲೆಯಿಂದ ಪೂರ್ತಿ ಬಿಡಿಸಿದರೆ?


ಕ್ಲಸ್ಟರ್ ಓಡಾಟ ಉತ್ತರಿಸಿದ್ದು:

ದಾರದ ಉಂಡೆಯವರು ಕೇಳಿದ್ದೇ ಮುಖ್ಯ ಪ್ರಶ್ನೆ. ನಾನು ಕೊಪ್ಪಳ ಜಿಲ್ಲೆಯಲ್ಲಿ ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ ಶಾಲೆಗಳಿಗೆ ಹೋಗಿ ಮಾರ್ಗದರ್ಶನ ಮಾಡುವ ಸಂಪನ್ಮೂಲ ವ್ಯಕ್ತಿ ಆಗಿ ಕೆಲಸ ಮಾಡಿದವನು.

ಕೊರೊನಾದಲ್ಲಿ ಶಾಲೆಗಳೇ ಮುಚ್ಚಿದ್ದವು, ಫೋನು ಬಿಟ್ಟರೆ ಗತಿ ಇರಲಿಲ್ಲ. ಈಗ ಬೆಂಗಳೂರಿನಲ್ಲಿ ಶಾಲೆ ತೆರೆದಿದೆ, ಆ ಶೆಡ್ಡಿನ ಹತ್ತಿರವೂ ಒಂದು ಇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಕೊಡಲೇಬೇಕು. ವರ್ಗಾವಣೆ ಪತ್ರ ಇಲ್ಲವೆಂದು ವಾಪಸು ಕಳಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. ಪುಣೆಗೂ ಅದೇ ಕಾಯ್ದೆ. ಅಲ್ಲಿ ಮರಾಠಿಯ ತೊಡಕು ಇದ್ದೇ ಇದೆ, ನಿಜ.

ಮಕ್ಕಳ ಎಸ್‌ಎಟಿಎಸ್ ಸಂಖ್ಯೆಯನ್ನು (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ಸಂಖ್ಯೆ) ಚೀಟಿಯಲ್ಲಿ ಬರೆದು ತಂದೆಯ ಫೋನಿಗೆ ಕಳುಹಿಸಿ. ಅದಿದ್ದರೆ ಅಲ್ಲಿನ ಮುಖ್ಯ ಶಿಕ್ಷಕರಿಗೆ ಅರ್ಧ ಕೆಲಸ ಕಡಿಮೆ. ದೊಡ್ಡ ಕಾಮಗಾರಿ ನಡೆಯುವ ಕೆಲವು ಕಡೆ ಟೆಂಟ್ ಶಾಲೆಗಳೂ ಇರುತ್ತವೆ. ಹುಡುಗಿಯರಿದ್ದರೆ, ತಂದೆತಾಯಿ ಒಪ್ಪಿದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ ಪ್ರಯತ್ನಿಸಿ, ಊಟ ವಸತಿ ಅಲ್ಲೇ. ನಿಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಋತುಮಾನ ಹಾಸ್ಟೆಲಿನ ಬಗ್ಗೆಯೂ ವಿಚಾರಿಸಿ. ಗುಳೆ ಹೋಗುವವರ ಮಕ್ಕಳನ್ನು ಊರಿನಲ್ಲೇ ಉಳಿಸಿಕೊಳ್ಳಲೆಂದೇ ಅದಕ್ಕೆ ಅವಕಾಶ ಇರುವುದು. ಫೋನಿನಲ್ಲಿ ಪಾಠ ಕೇಳಿದವನಿಗೆ ಶಾಲೆಯ ಹಾಜರಿ ಹಾಕುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಪುಸ್ತಕದಲ್ಲಿ ಹಾಜರಿ ಇದ್ದರೆ ಆ ಮಗುವನ್ನು ಯಾರೂ ಹುಡುಕುವುದಿಲ್ಲ.


ಮುದಗಲ್ಲಿನ ಮಾಸ್ತರ್ ಬರೆದದ್ದು:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮೇಡಂ ಹೇಳಿದಂತೆ ಪಾಠ ಮಾಡದೆ ಓದಿಸಿ ಕೇಳಿದೆ. ಬೆಂಗಳೂರಿನವರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಓದಿದರು. ಆ ಒಬ್ಬನು ಪುಸ್ತಕ ಸಿಗುತ್ತಿಲ್ಲ ಎಂದ, ಹಿಂದಿನಿಂದ ಅವನ ತಂಗಿ "ಇಲ್ಲೇ ಇದೆ ಸರ್" ಎಂದಳು. ಅವನ ತಂದೆಗೆ ಎಸ್‌ಎಟಿಎಸ್ ಸಂಖ್ಯೆ ಕಳುಹಿಸಿದ್ದೇನೆ, ನಾಳೆ ಮೇಸ್ತ್ರಿಯ ಹತ್ತಿರ ಅರ್ಧ ದಿನ ರಜೆ ಕೇಳಿ ಹತ್ತಿರದ ಶಾಲೆಗೆ ಹೋಗುತ್ತಾರಂತೆ. ಉಳಿದವರನ್ನೂ ಅಲ್ಲೇ ಸೇರಿಸಿರಿ ಎಂದು ಎಲ್ಲ ತಂದೆಯರಿಗೂ ಹೇಳಿದೆ. ಸೇರುವವರೆಗೂ, ಸೇರಿದ ಮೇಲೂ ಕರೆ ಇರುತ್ತದೆ ಎಂದೆ. ನಮ್ಮ ಇಂಗ್ಲಿಷ್ ಶಿಕ್ಷಕಿ ಹುಡುಗಿಯರ ಕರೆಗೆ ಜೊತೆಯಾಗಲು ಒಪ್ಪಿದ್ದಾರೆ.

ಪುಣೆಯ ಇಬ್ಬರದು ಸಮಸ್ಯೆ. ಅವರ ತಂದೆ ಕೆಲಸದಿಂದ ಬರುವುದೇ ಒಂಬತ್ತೂವರೆಗೆ, ಆ ಹೊತ್ತಿಗೆ ಚಿಕ್ಕವನು ಮಲಗಿರುತ್ತಾನೆ. ಮರಾಠಿ ಶಾಲೆಗೆ ಕಳುಹಿಸಲು ತಾಯಿಗೆ ಮನಸ್ಸಿಲ್ಲ.


ಕುಷ್ಟಗಿ ಗಣಿತ ಉತ್ತರಿಸಿದ್ದು:

ಪುಣೆಯವರಿಗೆ ರಾತ್ರಿ ಬಿಡಿ, ಬೆಳಿಗ್ಗೆ ಆರೂವರೆಗೆ ಮಾಡಿ ನೋಡಿ. ಕಟ್ಟಡದ ಕೆಲಸಕ್ಕೆ ಹೊರಡುವ ಮುನ್ನ ತಂದೆ ಚಹಾ ಕುಡಿಯುವ ಹೊತ್ತು ಅದು, ಫೋನು ಮನೆಯಲ್ಲೇ ಇರುತ್ತದೆ. ಇಪ್ಪತ್ತು ನಿಮಿಷ ಸಾಕು. ಮರಾಠಿ ಶಾಲೆಯ ವಿಷಯದಲ್ಲಿ ತಾಯಿಗೆ ಸ್ವಲ್ಪ ಕಾಲ ಕೊಡಿ, ಆದರೆ ಕೇಳುವುದನ್ನು ನಿಲ್ಲಿಸಬೇಡಿ. ಬಿಸಿಯೂಟ ಅಲ್ಲೂ ಇದೆ, ಗಣಿತದ ಲೆಕ್ಕಗಳು ಅಲ್ಲೂ ಅವೇ ಎನ್ನಿ. ನಮ್ಮ ಗಡಿಯ ಮಕ್ಕಳಿಗೆ ಇನ್ನೊಂದು ಭಾಷೆ ಕಿವಿಗೆ ಬೀಳಲು ತಡವಾಗುವುದಿಲ್ಲ.

ಪುಸ್ತಕ ಸಿಗುತ್ತಿಲ್ಲ ಎಂದ ಹುಡುಗನನ್ನು ಗುಂಪಿನ ಮುಂದೆ ಮತ್ತೆ ಓದಿಸಬೇಡಿ. ಅವನಿಗೆ ಬೇರೆಯಾಗಿ ಕರೆ ಮಾಡಿ, ತಂಗಿಯ ಪುಸ್ತಕದಿಂದ ತಂಗಿಗೆ ಓದಿ ಹೇಳು ಎನ್ನಿ. ಹೋದವರ ಹತ್ತಿರ ಗಣಿತದ ಭಾಗ 1 ಮಾತ್ರ ಇರಬೇಕು. ಭಾಗ 2 ಶಾಲೆಗೆ ಬಂದಿದ್ದರೆ ದಸರೆಗೆ ಊರಿಗೆ ಬರುವವರು ಯಾರಾದರೂ ಇದ್ದಾರೆಯೇ ವಿಚಾರಿಸಿ, ಅವರ ಕೈಯಲ್ಲಿ ಕಳುಹಿಸಿ. ಒಂದು ಡಜನ್ ಉದ್ದ ನೋಟ್‌ಬುಕ್ಕು, ಒಂದು ಕಂಪಾಸು ಪೆಟ್ಟಿಗೆಯನ್ನೂ ಜೊತೆಗೆ ಇಡಿ.